ಕರ್ಪೂರ ಇಟ್ಟ ಡಬ್ಬಿ

ರೈಲ್ವೆಯಲ್ಲಿ ಹೊಸದಾಗಿ ಸ್ಟೇಷನ್ ಮಾಸ್ಟರ್ ಕೆಲಸಕ್ಕೆ ಸೇರಿದವರು ಕೋಲಾರದ ಚಿನ್ನದ ಗಣಿ ಊರಾದ ಕೆಜಿಎಫ್‌ನಲ್ಲಿ, ಉರಿಗಾಂನ ನಮ್ಮ ಮನೆಗೆ ಆಗಾಗ ಬರುತ್ತಾರೆ. ಬರುವುದು ನನ್ನನ್ನು ನೋಡಲಿಕ್ಕಲ್ಲ, ಮುಂದಿನ ಕೋಣೆಯಲ್ಲಿರುವ ಸಾಮಾನು ನೋಡಲಿಕ್ಕೆ ಎಂದು ನನಗೆ ಗೊತ್ತು. ಸೀಮೆಎಣ್ಣೆಯ ಕೈದೀಪಗಳು, ರಟ್ಟಿನ ಟಿಕೆಟ್ಟಿಗೆ ತಾರೀಕು ಒತ್ತುವ ಯಂತ್ರ, ಗಾರ್ಡುಗಳ ಸೀಟಿ, ಹಿತ್ತಾಳೆಯ ಬಿಲ್ಲೆ, ಸಿಗ್ನಲ್ಲಿನ ಕೆಂಪು ಹಸಿರು ಗಾಜು, ಗಂಟೆಯ ಬದಲಿಗೆ ನೇತುಹಾಕುತ್ತಿದ್ದ ಹಳಿಯ ತುಂಡು. ಎಲ್ಲವನ್ನೂ ಫೋನಿನಲ್ಲಿ ಫೋಟೋ ಹಿಡಿದುಕೊಳ್ಳುತ್ತಾರೆ. ಆಮೇಲೆ ಕಾಫಿ ಕುಡಿಯುತ್ತಾ, "ಆ ಕಾಲದಲ್ಲಿ ಕೆಲಸ ಆರಾಮಾಗಿತ್ತು ಅಲ್ವಾ ಸಾರ್?" ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಆರಾಮಾಗಿತ್ತೋ ಇಲ್ಲವೋ ಬರೆದೇಬಿಡೋಣ ಎಂದು ಕೂತಿದ್ದೇನೆ.

ಬರೆಯಲು ಇನ್ನೊಂದು ಕಾರಣವೂ ಇದೆ. ಕಳೆದ ಆಯುಧಪೂಜೆಯ ದಿನ ಈ ಸಾಮಾನೆಲ್ಲ ಕೈಬಿಟ್ಟು ಹೋಯಿತು ಎಂದೇ ನಾನು ತೀರ್ಮಾನಿಸಿದ್ದೆ. ಸಾಮಾನೇನು, ಮನೆಯೂ ಮನೆಯವಳೂ ಹೋಗಿಬಿಡಬಹುದಿತ್ತು. ಆ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಕೆಲಸ ಹೇಗಿತ್ತು ಎಂದು ಗೊತ್ತಾಗಬೇಕು, ಇಲ್ಲದಿದ್ದರೆ ಅಂದು ನಾನು ಯಾಕೆ ಅಷ್ಟು ಹೆದರಿದೆ ಎನ್ನುವುದು ನಿಮಗೆ ತಿಳಿಯುವುದಿಲ್ಲ. ಬಡ್ತಿ ಯಾವಾಗ ಬಂತು, ಯಾವ ಗ್ರೇಡಿನಲ್ಲಿ ನಿವೃತ್ತನಾದೆ ಎಂಬುದನ್ನೆಲ್ಲ ಬರೆಯುವುದಿಲ್ಲ. ಅದು ನನ್ನ ಹೆಂಡತಿಗೇ ನೆನಪಿಲ್ಲ.

ನಾನು ಬಂಗಾರಪೇಟೆ ಕಡೆಯ ಹಳ್ಳಿಯವನು. ಮನೆಯಲ್ಲಿ ರಾಗಿ, ಹುರುಳಿ, ನಾಲ್ಕು ಕುರಿ. ಓದಿ ರೈಲ್ವೆ ಸೇರಿದಾಗ ನನ್ನಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದು, "ನನ್ ಮಗ ಬಾವುಟ ತೋರಿಸಿದ್ರೆ ರೈಲು ನಿಲ್ತೈತೆ" ಎಂದು. ಸ್ಟೇಷನ್ ಮಾಸ್ಟರ್ ಮಾಡಿ ಮೊದಲು ಹಾಕಿದ್ದು ಒಂಟಿ ಹಳಿಯ ಒಂದು ಚಿಕ್ಕ ಸ್ಟೇಷನ್ನಿಗೆ. ಅದರ ಹೆಸರು ಬೇಡ, ಈಗಲೂ ಅಲ್ಲಿ ನಮ್ಮವರೇ ಕೆಲಸ ಮಾಡುತ್ತಿದ್ದಾರೆ. ಸುತ್ತ ಹುಣಸೆಮರ, ಕಲ್ಲುಬಂಡೆ. ಜೊತೆಗೆ ಪಿಳ್ಳಪ್ಪ ಎಂಬ ಪಾಯಿಂಟ್ಸ್‌ಮನ್. ಹಳಿಯ ದಾರಿ ಬದಲಿಸುವುದು, ದೀಪ ಹಚ್ಚುವುದು, ಬಾವುಟ ಹಿಡಿಯುವುದು ಅವನ ಕೆಲಸ. ನನಗಿಂತ ಸ್ವಲ್ಪ ದೊಡ್ಡವನು, ನನಗಿಂತ ಬಹಳ ದೈವಭಕ್ತ.

ಈಗ ಕಂಪ್ಯೂಟರ್ ಪರದೆಯ ಮೇಲೆ ಗೆರೆ ಕೆಂಪಾದರೆ ಗಾಡಿ ಎಲ್ಲಿದೆ ಎಂದು ಕಾಣುತ್ತದೆ. ಆಗ ನಮಗೆ ಇದ್ದದ್ದು ಒಂದು ಕಬ್ಬಿಣದ ಗುಂಡು. ಅದಕ್ಕೆ ಟೋಕನ್ ಎನ್ನುತ್ತಿದ್ದೆವು. ಒಂಟಿ ಹಳಿಯಲ್ಲಿ ಎರಡು ಸ್ಟೇಷನ್ನುಗಳ ನಡುವೆ ಒಂದೇ ಗಾಡಿ ಇರಬೇಕಲ್ಲ, ಅದಕ್ಕೆ ಈ ಏರ್ಪಾಡು. ಮುಂದಿನ ಸ್ಟೇಷನ್ನಿನವನು ಒಪ್ಪಿದರೆ ಮಾತ್ರ ನಮ್ಮ ಯಂತ್ರದಿಂದ ಒಂದು ಗುಂಡು ಹೊರಗೆ ಬರುತ್ತದೆ. ಆ ಗುಂಡನ್ನು ಚರ್ಮದ ಚೀಲದಲ್ಲಿ ಹಾಕಿ, ಚೀಲವನ್ನು ಬೆತ್ತದ ಬಳೆಗೆ ಕಟ್ಟಿ, ಡ್ರೈವರನ ಕೈಗೆ ಕೊಡಬೇಕು. ಗುಂಡು ಕೈಯಲ್ಲಿ ಇಲ್ಲದೆ ಅವನು ಗಾಡಿ ಬಿಡುವಂತಿಲ್ಲ. ಆ ಗುಂಡು ಮುಂದಿನ ಸ್ಟೇಷನ್ನಿನ ಯಂತ್ರದೊಳಗೆ ಬೀಳುವ ತನಕ ಇನ್ನೊಂದು ಗುಂಡು ಯಾವ ಕಡೆಯಿಂದಲೂ ಹೊರಬರುವುದಿಲ್ಲ. ಇಷ್ಟೇ. ಇಷ್ಟರ ಮೇಲೆ ಸಾವಿರಾರು ಜನರ ಜೀವ ನಿಂತಿತ್ತು.

ನಿಲ್ಲದ ಗಾಡಿಗೆ ಬಳೆ ಕೊಡುವುದೇ ಒಂದು ವಿದ್ಯೆ. ಡ್ರೈವರ್ ತೋಳು ಚಾಚಿ ಬರುತ್ತಾನೆ, ಪಾಯಿಂಟ್ಸ್‌ಮನ್ ಬಳೆ ಎತ್ತಿ ನಿಲ್ಲುತ್ತಾನೆ, ಬಳೆ ಅವನ ತೋಳಿಗೆ ಸಿಕ್ಕಿಕೊಳ್ಳಬೇಕು. ನಾನು ಹುಮ್ಮಸ್ಸಿನಲ್ಲಿ ಒಮ್ಮೆ ಕೊಡಲು ಹೋಗಿ ಬಳೆಯನ್ನು ಡ್ರೈವರನ ಬದಲು ಅವನ ಟಿಫನ್ ಕ್ಯಾರಿಯರಿಗೆ ತಗುಲಿಸಿದ್ದೆ. ಕ್ಯಾರಿಯರ್ ಹಳಿಯ ಮೇಲೆ ಚೆಲ್ಲಾಪಿಲ್ಲಿಯಾಯಿತು. ಡ್ರೈವರ್ ಬೈದದ್ದು ತಮಿಳಿನಲ್ಲಿ, ಆಗಿನ್ನೂ ನನಗೆ ಅಷ್ಟು ತಮಿಳು ಬರುತ್ತಿರಲಿಲ್ಲ, ಪುಣ್ಯ.

ಆ ಸ್ಟೇಷನ್ನಿನ ಮೊದಲ ಆಯುಧಪೂಜೆಯನ್ನು ಮರೆಯಲು ಸಾಧ್ಯವಿಲ್ಲ. ಬೆಳಿಗ್ಗೆ ಬಂದ ಗಾಡಿಯಿಂದ ಗುಂಡು ಕೈಗೆ ಬಂದಿತ್ತು. ಮುಂದಿನ ಗಾಡಿಗೆ ಇನ್ನೂ ಹೊತ್ತಿತ್ತು. ಯಂತ್ರದೊಳಗೆ ಹಾಕುವ ಮೊದಲು ಪಿಳ್ಳಪ್ಪ ಅದನ್ನು ಕೇಳಿಕೊಂಡ. "ಸಾರ್, ಇದೇ ನಮ್ ಆಯ್ದ. ಒಳಗಿರೋವುಕ್ಕಂತೂ ಪೂಜೆ ಮಾಡಕ್ಕಾಗಲ್ಲ, ಇದ್ಕಾದ್ರೂ ಮಾಡ್ಬುಡೋಣ." ನನಗೂ ಸರಿ ಎನಿಸಿತು. ಅವನು ಗುಂಡಿಗೆ ಎಣ್ಣೆ ಹಚ್ಚಿ, ಬಿಸಿನೀರಿನಲ್ಲಿ ತೊಳೆದು, ಗಂಧ ತೇಯ್ದು ದಪ್ಪಕ್ಕೆ ಮೆತ್ತಿ, ಕುಂಕುಮ ಇಟ್ಟು, ಸಾವಂತಿಗೆ ಹೂವಿನ ಮಧ್ಯೆ ಕೂರಿಸಿದ. ಗುಂಡು ಸಾಲಿಗ್ರಾಮದ ಹಾಗೆ ಕಾಣುತ್ತಿತ್ತು. ಪೂಜೆ ಮುಗಿಯುವ ಹೊತ್ತಿಗೆ ಗಂಧ ಒಣಗಿ ಗಟ್ಟಿಯಾಗಿತ್ತು. ಭಕ್ತಿಯಿಂದ ಅದನ್ನು ಹಾಗೆಯೇ ಯಂತ್ರದೊಳಗೆ ಬಿಟ್ಟೆವು. ಗುಂಡು ಅರ್ಧದಾರಿಯಲ್ಲಿ ಕೂತುಬಿಟ್ಟಿತು. ಕೆಳಗೂ ಇಳಿಯದು, ಮೇಲಕ್ಕೂ ಬಾರದು.

ಗಾಡಿ ಬಂದು ನಿಂತಿತು. ಅದರಲ್ಲಿ ಟ್ರಾಫಿಕ್ ಇನ್‌ಸ್ಪೆಕ್ಟರ್ ರಾಘವನ್ ಇದ್ದರು. ನಮ್ಮ ಲೈನಿನ ಸ್ಟೇಷನ್ ಮಾಸ್ಟರುಗಳೆಲ್ಲ ಅವರ ಹೆಸರು ಕೇಳಿದರೆ ಶರ್ಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಅವರು ಒಳಗೆ ಬಂದರು. ಯಂತ್ರಕ್ಕೆ ಹಾರ, ಕೆಳಗೆ ಬೂದುಗುಂಬಳ, ಬಾಗಿಲಲ್ಲಿ ಬಾಳೆಕಂಬ. ಒಂದು ಕ್ಷಣ ನೋಡಿ, ಹೊರಗೆ ಹೋಗಿ ಬೂಟು ಬಿಚ್ಚಿಟ್ಟು ಬಂದು ಕೈಮುಗಿದರು. ಆಮೇಲೆ ಶುರುಮಾಡಿದರು ನೋಡಿ ಬೈಗುಳ, ಮೂರು ಭಾಷೆಯಲ್ಲಿ. ಸಿಗ್ನಲ್ ಮೆಕ್ಯಾನಿಕ್ ಬಂದು ಯಂತ್ರ ಬಿಚ್ಚುವವರೆಗೆ ಗಾಡಿಗಳನ್ನು ಕಾಗದದ ಚೀಟಿ ಬರೆದು ಕೊಟ್ಟು ನಡೆಸಿದೆವು. ಹೊರಡುವಾಗ ಅವರು ಪಿಳ್ಳಪ್ಪನನ್ನು ಕರೆದು, "ಪೂಜೆ ಯಂತ್ರದ ಹೊರಗಡೆ ಮಾಡು, ಒಳಗಡೆ ದೇವರೇ ನೋಡ್ಕೊಳ್ತಾರೆ" ಎಂದರು. ಪಿಳ್ಳಪ್ಪ ಅದನ್ನು ಇಂದಿಗೂ ಒಪ್ಪಿಲ್ಲ.

ರಾಘವನ್ ಕಲಿಸಿದ ಇನ್ನೊಂದು ಪಾಠ ಡೆಟೊನೇಟರಿನದು. ನಾವು ಅದನ್ನು ಪಟಾಕಿ ಎನ್ನುತ್ತಿದ್ದೆವು. ಇಲಾಖೆಯ ಡಬ್ಬಿಯ ಮೇಲೆ ಮಾತ್ರ ಫಾಗ್ ಸಿಗ್ನಲ್ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು, ಮಂಜು ಕವಿದು ಸಿಗ್ನಲ್ ಕಾಣದಾಗ ಉಪಯೋಗಿಸುವುದರಿಂದ. ತಗಡಿನ ಚಪ್ಪಟೆ ಬಿಲ್ಲೆ, ಒಳಗೆ ಮದ್ದು, ಎರಡು ಪಕ್ಕ ಸೀಸದ ಪಟ್ಟಿ. ಪಟ್ಟಿ ಬಗ್ಗಿಸಿ ಹಳಿಯ ಮೇಲೆ ಕಟ್ಟಿದರೆ ಎಂಜಿನ್ನಿನ ಚಕ್ರ ಹತ್ತಿದ ಕೂಡಲೇ ಸಿಡಿಯುತ್ತದೆ. ಡ್ರೈವರ್ ಆ ಸದ್ದು ಕೇಳಿ ಗಾಡಿ ನಿಲ್ಲಿಸಬೇಕು. ಬೀಳಿಸಬಾರದು, ಬಡಿಯಬಾರದು, ಬಿಸಿ ತಗುಲಿಸಬಾರದು, ಹಳೆಯದಾದರೆ ಇನ್ನೂ ಹುಷಾರು. ರಾಘವನ್ ಬಂದಾಗಲೆಲ್ಲ ಇದನ್ನು ನಮ್ಮ ಬಾಯಲ್ಲಿ ಹೇಳಿಸುತ್ತಿದ್ದರು. ನಾನು ಆಮೇಲೆ ಹೊಸಬರ ಬಾಯಲ್ಲಿ ಹೇಳಿಸುತ್ತಿದ್ದೆ.

ನಾನು ಕೆಜಿಎಫ್ ಲೈನಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಹಳಿ ಬಿರುಕು ಬಿಟ್ಟಿದೆ ಎಂದು ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಓಡಿಬಂದ. ಬಂಗಾರಪೇಟೆಯಿಂದ ಗಾಡಿ ಆಗಲೇ ಹೊರಟಿತ್ತು. ನಾನು ಬಂದ ಮೇಲೆ ಪಿಳ್ಳಪ್ಪನಿಗೂ ಅದೇ ಸ್ಟೇಷನ್ನಿಗೆ ವರ್ಗವಾಗಿತ್ತು. ಅವನು ಪಟಾಕಿ, ಕೆಂಪು ಬಾವುಟ ಹಿಡಿದು ಓಡಿದ, ನಿಯಮದಂತೆ ಅಂತರ ಬಿಟ್ಟು ಮೂರು ಕಟ್ಟಿದ. ಗಾಡಿ ಬಂತು. ಮೊದಲನೆಯದು ಸಿಡಿಯಿತು, ಗಾಡಿ ನಿಲ್ಲಲಿಲ್ಲ. ಎರಡನೆಯದು ಸಿಡಿಯಿತು, ಆಗಲೂ ಇಲ್ಲ. ಮೂರನೆಯದಕ್ಕೆ ಬ್ರೇಕು ಬಿತ್ತು. ಬಿರುಕಿಗೂ ಎಂಜಿನ್ನಿಗೂ ನಡುವೆ ಒಂದು ಎತ್ತಿನಗಾಡಿ ನಿಲ್ಲುವಷ್ಟು ಜಾಗ ಉಳಿದಿತ್ತು. ಡ್ರೈವರ್ ಆರೋಗ್ಯಸ್ವಾಮಿ ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ ಹುಟ್ಟಿ ಬೆಳೆದವನು. ಅವನನ್ನು ಕೇಳಿದರೆ, "ಏರ್ ಬ್ಲಾಸ್ಟ್ ಅಂದ್ಕೊಂಡ್ಬಿಟ್ಟೆ ಸಾರ್. ಒಂದು ವಂದಾ ಇನ್ನೊಂದು ಬರುತ್ತೆ ಅಲ್ವಾ ನಮ್ಮೂರಲ್ಲಿ" ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿದ.

ನಗಬೇಡಿ. ಗಣಿ ನಡೆಯುತ್ತಿದ್ದಾಗ ಇಲ್ಲಿ ನೆಲದ ಆಳದಲ್ಲಿ ಬಂಡೆ ಸಿಡಿದು ಮನೆಯ ಪಾತ್ರೆಗಳು ಅಲುಗುತ್ತಿದ್ದವು. ಅದಕ್ಕೇ ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ಆ ಸದ್ದಿನಲ್ಲಿ ಮಲಗಿ ಎದ್ದವರಿಗೆ ಪಟಾಕಿ ಒಂದು ಲೆಕ್ಕವೇ? ಗಾಡಿಯಲ್ಲಿದ್ದ ಜನರೂ ಹಾಗೆಯೇ, ಇಸ್ಪೀಟು ಆಡುತ್ತಿದ್ದವರು ಎಲೆ ಕೆಳಗಿಟ್ಟಿರಲಿಲ್ಲ. ಆಮೇಲೆ ಈ ಲೈನಿಗೆ ಬರುವ ಹೊಸ ಡ್ರೈವರುಗಳಿಗೆ ನಾನು ಹೇಳುತ್ತಿದ್ದ ಮೊದಲ ಮಾತು ಇದು: ಸದ್ದು ಯಾವುದಾದರೂ ಆಗಲಿ, ಮೊದಲು ನಿಲ್ಲಿಸು, ಆಮೇಲೆ ಯೋಚಿಸು.

ಕೊನೆಕೊನೆಗೆ ಎಲ್ಲ ಬದಲಾಯಿತು. ಸೀಮೆಎಣ್ಣೆ ದೀಪ ಹೋಗಿ ಬಣ್ಣದ ವಿದ್ಯುತ್ ದೀಪ ಬಂತು, ಗುಂಡು ಹೋಗಿ ಗುಂಡಿ ಒತ್ತುವ ಫಲಕ ಬಂತು, ರಟ್ಟಿನ ಟಿಕೆಟ್ಟು ಹೋಗಿ ಕಂಪ್ಯೂಟರ್ ಚೀಟಿ ಬಂತು. ಒಳ್ಳೆಯದೇ ಆಯಿತು. ಹಳೆಯದೇ ಚೆನ್ನಾಗಿತ್ತು ಎನ್ನುವವರು ಮಳೆಯಲ್ಲಿ ಸಿಗ್ನಲ್ ಕಂಬ ಹತ್ತಿ ದೀಪ ಹಚ್ಚಿದವರಲ್ಲ. ಆದರೂ ತಾರೀಕು ಒತ್ತುವ ಯಂತ್ರವನ್ನು ಗೋಣಿಚೀಲಕ್ಕೆ ಎಸೆದಾಗ ನನಗೆ ಸಂಕಟವಾಯಿತು. ಅದರ ಟಕ್ ಎಂಬ ಸದ್ದು ನನ್ನ ಕೈಗೆ ಅಭ್ಯಾಸವಾಗಿತ್ತು. ಒಂದನ್ನು ಇಟ್ಟುಕೊಳ್ಳಲೇ ಎಂದು ರಾಘವನ್ ಅವರನ್ನು ಕೇಳಿದ್ದೆ. "ಸರ್ವಿಸಿನಲ್ಲಿ ಇರುವ ತನಕ ಒಂದು ಸ್ಕ್ರೂ ಮನೆಗೆ ಹೋಗಕೂಡದು. ರಿಟೈರಾದ ಮೇಲೆ ಗುಜರಿಯಲ್ಲಿ ಕೊಂಡುಕೋ, ಬೇಡ ಅಂದವರು ಯಾರು?" ಎಂದರು. ನಾನು ಹಾಗೆಯೇ ಮಾಡಿದೆ.

ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಹಿಂದೆ ಸೆಲ್ವಂ ಎಂಬವನ ಗುಜರಿ ಅಂಗಡಿ ಇದೆ. ಹರಾಜಿನಲ್ಲಿ ಹೋದ ರೈಲ್ವೆ ಸಾಮಾನು, ಗಣಿ ಮುಚ್ಚಿದ ಮೇಲೆ ಮನೆಮನೆಯಿಂದ ಬಂದ ಹಳೆ ಸಾಮಾನು, ಎಲ್ಲ ಅಲ್ಲಿ ಒಟ್ಟಿಗೆ ಬಿದ್ದಿರುತ್ತದೆ. ನಾನು ಹೋದರೆ ಸೆಲ್ವಂ ಸ್ಟೂಲು ಹಾಕಿ, "ವಾಂಗೋ ಮಾಸ್ಟರ್, ನಿಮ್ ಪಿಳ್ಳೆಗಳು ಬಂದಿದಾವೆ" ಎಂದು, ನನ್ನ ಮಕ್ಕಳೇ ಬಂದ ಹಾಗೆ ಹೇಳುತ್ತಾನೆ. ನನ್ನ ಹೆಂಡತಿ ಸರೋಜಮ್ಮ ಅಷ್ಟು ಮೃದುವಾಗಿ ಹೇಳುವುದಿಲ್ಲ. "ಇರೋದ್ ಎರಡು ರೂಮು. ಒಂದ್ರಲ್ಲಿ ನಾವು, ಒಂದ್ರಲ್ಲಿ ಗುಜರಿ. ನಮ್ಮನ್ನೂ ಅದ್ರ ಜತೇಲೇ ತೂಕಕ್ ಆಕ್ಬುಡಿ" ಎನ್ನುತ್ತಾಳೆ. ಅವಳಿಗೆ ಹಿತ್ತಲಿನ ಹಸುವಿನ ಮೇಲೆ ಇರುವ ಪ್ರೀತಿಯಲ್ಲಿ ಕಾಲುಭಾಗ ನನ್ನ ಲಾಟೀನುಗಳ ಮೇಲೆ ಇದ್ದರೆ ಸಾಕಿತ್ತು ಎಂದುಕೊಳ್ಳುತ್ತಿದ್ದೆ.

ಕಳೆದ ವರ್ಷ ಸೆಲ್ವಂ ಅಂಗಡಿಯಲ್ಲಿ ಒಂದು ದುಂಡನೆಯ ತಗಡಿನ ಡಬ್ಬಿ ಸಿಕ್ಕಿತು. ಯಾರೋ ಅದಕ್ಕೆ ದಪ್ಪಕ್ಕೆ ಹಸಿರು ಬಣ್ಣ ಬಳಿದಿದ್ದರು. ಮುಚ್ಚಳದ ಸಂದಿಯೂ ಬಣ್ಣದಲ್ಲಿ ಮುಚ್ಚಿಹೋಗಿತ್ತು. ತಳದಲ್ಲಿ ಮಾತ್ರ ಹಳೆಯ ರೈಲ್ವೆ ಕಂಪನಿಯ ಮುದ್ರೆ ಕಾಣುತ್ತಿತ್ತು. ಎಲ್ಲಿಂದ ಬಂತು ಎಂದರೆ ಅವನಿಗೂ ನೆನಪಿಲ್ಲ. ದೀಪದ ಬತ್ತಿ ಇಡುವ ಡಬ್ಬಿ ಇರಬೇಕು ಎಂದುಕೊಂಡೆ, ಏಕೆಂದರೆ ನನ್ನ ಕಾಲದಲ್ಲಿ ಪಟಾಕಿ ಬರುತ್ತಿದ್ದ ಡಬ್ಬಿಯ ಆಕಾರವೇ ಬೇರೆ. ಸೆಲ್ವಂ ಉಳಿ ಹಾಕಿ ಮುಚ್ಚಳ ಎಬ್ಬಿಸಲು ಹೋದ. ಬೇಡ ಎಂದೆ. ಹಳೆ ಸಾಮಾನಿನ ಹುಚ್ಚು ಇರುವವರಿಗೆ ಹಳೆ ಬಣ್ಣ ಕೆರೆದರೆ ಮೈ ಕೆರೆದಂತಾಗುತ್ತದೆ. ಆ ಹುಚ್ಚು ಅಂದು ಸೆಲ್ವಂನ ಕೈ ಉಳಿಸಿತು ಎಂದು ಆಮೇಲೆ ತಿಳಿಯಿತು. ಡಬ್ಬಿ ಮನೆಗೆ ಬಂದು ಕೋಣೆಯ ನಡುವಿನ ಮೇಜಿನ ಮೇಲೆ ಕೂತಿತು.

ಆಯುಧಪೂಜೆಗೆ ಪಿಳ್ಳಪ್ಪ ಪ್ರತಿವರ್ಷ ತನ್ನ ಹಳ್ಳಿಯಿಂದ ನಮ್ಮ ಮನೆಗೆ ಬರುತ್ತಾನೆ. ರಿಟೈರಾದ ಮೇಲೆ ಅವನಿಗೂ ಪೂಜೆ ಮಾಡಲು ಬೇರೆ ಆಯುಧವಿಲ್ಲ. ಅಂದು ಬೆಳಿಗ್ಗೆ ಇಬ್ಬರೂ ಸೇರಿ ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಿ ಬೆಳಗಿದೆವು. ಸರೋಜಮ್ಮ ಎಷ್ಟು ಗೊಣಗಿದರೂ ಪೂಜೆಯಲ್ಲಿ ಕೊರತೆ ಮಾಡುವವಳಲ್ಲ. ಒಂದೊಂದಕ್ಕೂ ಹೂವು, ಕುಂಕುಮ ಇಟ್ಟಳು. ಕಾಯಿ ಒಡೆದಾಯಿತು. ಮಂಗಳಾರತಿ ತಟ್ಟೆ ನೋಡಿದರೆ ಕೊಟ್ಟಿಗೆಯಲ್ಲಿ ಹಸುವಿನ ಪೂಜೆಗೆ ಒಯ್ದದ್ದು ಅಲ್ಲೇ ಉಳಿದಿತ್ತು. "ಇರ್ಲಿ ಬಿಡಿ, ಇದ್ರ ಮೇಲ್ ಮಟ್ಟವಾಗೈತೆ" ಎಂದು ಅವಳು ಹಸಿರು ಡಬ್ಬಿಯ ಮುಚ್ಚಳದ ಮೇಲೆ ಒಂದು ವೀಳ್ಯದೆಲೆ ಇಟ್ಟು, ಅದರ ಮೇಲೆ ದೊಡ್ಡ ಕರ್ಪೂರದ ಗಟ್ಟಿ ಇಟ್ಟು ಹಚ್ಚಿದಳು.

ಕೈಮುಗಿದು ನಿಂತಿದ್ದೆ. ಎಲೆ ಸುಟ್ಟು ಸುರುಟಿತು. ಮುಚ್ಚಳದ ಅಂಚಿನಿಂದ ಹಸಿರು ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದು, ಡಬ್ಬಿಯ ಪಕ್ಕದಲ್ಲಿ ಹಪ್ಪಳದಂತೆ ಬಿಟ್ಟುಕೊಂಡು ಕೆಳಗೆ ಬಿತ್ತು. ಒಳಗೆ ಕೆಂಪು ಬಣ್ಣ. ಕೆಂಪಿನ ಮೇಲೆ ಬಿಳಿಯ ಇಂಗ್ಲಿಷ್ ಅಕ್ಷರ. ಅಯ್ಯೋ ಹಳೆ ಬಣ್ಣ ಹೋಯಿತಲ್ಲ ಎಂದು ಮೊದಲು ಅನಿಸಿದ್ದು ನಿಜ. ಆಮೇಲೆ ಅಕ್ಷರ ಕೂಡಿಸಿ ಓದಿದೆ. ಫಾಗ್ ಸಿಗ್ನಲ್.

"ಆರಿಸು! ಪಿಳ್ಳಪ್ಪಾ, ಆರಿಸು!" ಎಂದು ಕೂಗಿಕೊಂಡೆ.

ಸರೋಜಮ್ಮ ಅಡ್ಡ ಬಂದಳು. "ಬಿಡ್ತು ಅನ್ನಿ! ಮಂಗ್ಳಾರತಿನ ಯಾರಾದ್ರೂ ಆರಿಸ್ತಾರಾ? ಹಬ್ಬದ್ ದಿನ!"

"ಅದು ಪಟಾಕಿ ಡಬ್ಬಿ ಕಣೇ!"

ಪಿಳ್ಳಪ್ಪನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವನ ಮುಖ ಬಿಳಿಚಿತು. ಆದರೆ ಊದಿ ಆರಿಸಲು ಅವನಿಗೂ ಮನಸ್ಸು ಬರಲಿಲ್ಲವೋ, ಊದಿದರೆ ಕಿಡಿ ಹಾರೀತು ಎಂದುಕೊಂಡನೋ, ಒಡೆದಿಟ್ಟ ತೆಂಗಿನಕಾಯಿಯ ಒಂದು ಹೋಳು ಎತ್ತಿ ಉರಿಯುವ ಕರ್ಪೂರದ ಮೇಲೆ ಮೆಲ್ಲಗೆ ಬೋರಲು ಹಾಕಿದ. ಉರಿ ಒಳಗೇ ಆರಿತು. ಚಿಪ್ಪಿನ ಅಂಚಿನಿಂದ ಸ್ವಲ್ಪ ಹೊಗೆ ಬಂತು. ಡಬ್ಬಿ ಸುಮ್ಮನಿತ್ತು.

"ಯಾರೂ ಮುಟ್ಟಬೇಡಿ, ಈಚೆ ನಡೀರಿ" ಎಂದೆ. ಸರೋಜಮ್ಮ ಮುಂಬಾಗಿಲಿಗೆ ಬರುವ ಬದಲು ಹಿತ್ತಲಿಗೆ ಓಡಿದಳು. ನಾನು ಅವಳ ಹಿಂದೆ ಕೂಗುತ್ತಾ ಓಡಿದರೆ ಅವಳು ಹಸು ಬಿಚ್ಚುತ್ತಿದ್ದಳು. ಹಸುವನ್ನು ಹಿಡಿದುಕೊಂಡು, ಪಕ್ಕದ ಮನೆಯವರನ್ನೂ ಹೊರಡಿಸಿಕೊಂಡು, ಬೀದಿಯ ಕೊನೆಯ ಹೊಂಗೆಮರದ ಕೆಳಗೆ ನಿಂತೆವು. ಜೀವನವೆಲ್ಲ ಹೊಸಬರಿಗೆ ಬಿಸಿ ತಗುಲಿಸಬೇಡಿ ಎಂದು ಹೇಳಿಕೊಟ್ಟವನು, ನನ್ನ ಹೆಂಡತಿ ಅದರ ಮೇಲೆ ಬೆಂಕಿ ಇಡುವಾಗ ಕೈಮುಗಿದು ನಿಂತಿದ್ದೆ.

ಪಿಳ್ಳಪ್ಪ ನನ್ನನ್ನು ಪಕ್ಕಕ್ಕೆ ಕರೆದ. "ಸಾರ್, ಪೋಲೀಸ್ರು ಬಂದ್ರೆ ಬರೀ ಡಬ್ಬಿ ನೋಡ್ಕಂಡ್ ಓಗಲ್ಲ. ರೂಮ್ ತುಂಬ ರೈಲ್ವೆ ಸಾಮಾನೈತೆ. ಒಂದ್ಕೂ ಬಿಲ್ಲಿಲ್ಲ. ಎಲ್ಲಾ ಬಾಚ್ಕಂಡ್ ಓಯ್ತಾರೆ, ನಿಮ್ ಮೇಲೆ ಕೇಸ್ ಬೇರೆ ಆಕ್ತಾರೆ."

"ಅದಕ್ಕೆ?"

"ತಣ್ಣಗಾಗ್ಲಿ. ಮಣ್ಣಿನ ಬುಟ್ಟೀಲಿಟ್ಕಂಡು ನಾನೇ ಎತ್ಕಂಡ್ ಓಗ್ತೀನಿ. ಚಾಂಪಿಯನ್ ರೀಫ್ಸ್ ತಾವ ಹಳೇ ಶಾಫ್ಟ್ ಐತಲ್ಲ, ಅದ್ರೊಳಕ್ ಆಕ್ಬುಡೋಣ. ಪಾತಾಳಕ್ ಓಯ್ತದೆ. ಯಾರ್‌ಗೂ ಗೊತ್ತಾಗಲ್ಲ."

ಇದು ಸುಳ್ಳಲ್ಲದ ಮಾತು. ಗಣಿಯ ಹಳೆ ಬಾವಿಗೆ ಬಿದ್ದದ್ದನ್ನು ಯಾರೂ ಹುಡುಕುವುದಿಲ್ಲ. ನನ್ನ ಸಾಮಾನು ಉಳಿಯುತ್ತದೆ, ಹೆಸರು ಉಳಿಯುತ್ತದೆ. ಕೆಲಸದಲ್ಲಿ ಇದ್ದಷ್ಟು ದಿನ ಒಂದು ಕಪ್ಪು ಚುಕ್ಕೆ ಇಲ್ಲದೆ ಬಂದವನು ಈ ವಯಸ್ಸಿನಲ್ಲಿ ರೈಲ್ವೆ ಸಾಮಾನು ಕದ್ದವನು ಎನಿಸಿಕೊಳ್ಳುವುದೆಂದರೆ ಸಾಧಾರಣ ಭಯವಲ್ಲ. ನಾನು ಆಸೆಪಟ್ಟೆ, ಸುಳ್ಳು ಹೇಳುವುದಿಲ್ಲ. ಆದರೆ ಅವನು ಬುಟ್ಟಿ ಹೊತ್ತು, ಹಬ್ಬಕ್ಕೆ ಸಿಂಗರಿಸಿಕೊಂಡ ಆಟೋಗಳ ಮಧ್ಯೆ, ಜನರ ಮಧ್ಯೆ ನಡೆದುಹೋಗುವುದು ಕಣ್ಣಮುಂದೆ ಬಂತು. ಕಾಲು ಎಡವಿದರೆ? "ಬೇಡ ಪಿಳ್ಳಪ್ಪ. ಹೋದರೆ ಸಾಮಾನು ಹೋಗಲಿ" ಎಂದು ಬಂಗಾರಪೇಟೆಯ ರೈಲ್ವೆ ಪೊಲೀಸರಿಗೆ ಫೋನ್ ಮಾಡಿದೆ.

ಇನ್‌ಸ್ಪೆಕ್ಟರ್ ಭವಾನಿ ಎಂಬ ಹೆಣ್ಣುಮಗಳು ಬಂದರು. ಬಾಂಬ್ ನಿಷ್ಕ್ರಿಯ ದಳದವರೂ ಬಂದರು. ಅವರು ಡಬ್ಬಿಯನ್ನು ಮರಳಿನಲ್ಲಿಟ್ಟು, ಕೂಸು ಎತ್ತಿಕೊಂಡು ಹೋಗುವ ಹಾಗೆ ಹೊತ್ತುಕೊಂಡು ಊರಾಚೆಯ ಬಯಲಿಗೆ ಹೋದರು. ನಾವು ಮನೆಗೆ ಮರಳಿದ ಮೇಲೆ ಭವಾನಿ ಫೋನಿನಲ್ಲಿ ಮಾತಾಡಿ ನನ್ನ ಕಡೆ ತಿರುಗಿದರು. "ಒಂದೂ ಕೆಟ್ಟಿರಲಿಲ್ಲವಂತೆ ಸಾರ್. ಎಲ್ಲಾ ಸಿಡಿದ್ವು." ಸರೋಜಮ್ಮ ಅಲ್ಲೇ ಜಗುಲಿಯ ಮೇಲೆ ಕುಸಿದು ಕೂತಳು.

ಆಮೇಲೆ ಭವಾನಿ ಕೋಣೆಯ ಒಳಗೆ ಬಂದರು. ಸುತ್ತ ನೋಡಿದರು. ಹೂವು ಮುಡಿದ ಲಾಟೀನು, ಕುಂಕುಮ ಇಟ್ಟ ಸೀಟಿ. ಒಂದು ಮೂಲೆಯಲ್ಲಿ ಟೋಕನ್ ಗುಂಡೂ ಇತ್ತು, ಅದೂ ಸೆಲ್ವಂ ಕೊಟ್ಟದ್ದೇ. "ಇದೆಲ್ಲಾ ಎಲ್ಲಿಂದ ಬಂತು?" ಎಂದು ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ಪಿಳ್ಳಪ್ಪ ಮುಂದೆ ಬಂದ. "ಡಬ್ಬಿ ನಾನ್ ತಂದಿದ್ದು ಮೇಡಂ. ಇವೆಲ್ಲಾನೂ ನಾನೇ ತಂದಿಟ್ಟಿದ್ದು. ಸಾರ್‌ಗೇನೂ ಗೊತ್ತಿಲ್ಲ. ಏನ್ ಮಾಡ್ತೀರೋ ನನ್ಗೇ ಮಾಡಿ."

"ಸುಮ್ಮನಿರಯ್ಯ" ಎಂದು ಗದರಿದೆ. "ಇವನು ಹೇಳುವುದು ಸುಳ್ಳು ಮೇಡಂ. ಎಲ್ಲ ನಾನು ಕೊಂಡದ್ದು." ಸೆಲ್ವಂನನ್ನು ಕರೆಸಿದರು. ಅವನು ಬೆವರುತ್ತಾ, "ನಮ್ ಅಂಗಡೀಲೇ ತಗೊಂಡಿದ್ದು ಮೇಡಂ, ಸತ್ಯಮಾ ಹೇಳ್ತೀನಿ. ಹರಾಜಲ್ಲಿ ಬಂದ ಮಾಲು. ಆ ಡಬ್ಬಿ ಮಾತ್ರ ಹೆಂಗೆ ಸೇರ್ಕೊಂಡ್ತೋ ಆಂಡವನಿಗೇ ಗೊತ್ತು" ಎಂದ. ಭವಾನಿ ಎಲ್ಲವನ್ನೂ ಬರೆದುಕೊಂಡರು. ಒರಟಾಗಿ ಒಂದು ಮಾತಾಡಲಿಲ್ಲ. ಆದರೆ ಮೇಲಿನವರು ತೀರ್ಮಾನ ಮಾಡುವವರೆಗೆ ಯಾರೂ ಒಳಗೆ ಹೋಗಬಾರದು ಎಂದು ಕೋಣೆಗೆ ಬೀಗ ಹಾಕಿ, ಅರಗಿನ ಮುದ್ರೆ ಒತ್ತಿ ಹೋದರು.

ಆ ದಿನಗಳು ಕೆಟ್ಟವು. ಬೀಗದ ಮುಂದೆಯೇ ಓಡಾಡಬೇಕು. ರಾತ್ರಿ ಕಣ್ಣು ಮುಚ್ಚಿದರೆ ಕರ್ಪೂರದ ಉರಿ ಕಾಣುತ್ತಿತ್ತು. ಬೆಳಗಾದರೆ ಕೇಸಿನ ಯೋಚನೆ. ಗುಜರಿ ತೊಲಗಲಿ ಎನ್ನುತ್ತಿದ್ದ ಸರೋಜಮ್ಮ ಒಂದು ಮಾತೂ ಚುಚ್ಚಲಿಲ್ಲ. ಚುಚ್ಚಿದ್ದರೆ ಮೇಲಿತ್ತು. ಒಂದು ದಿನ ಬೀಗ ಹಾಕಿದ ಬಾಗಿಲಿನ ಮುಂದೆ ರಂಗೋಲಿ ಹಾಕಿದ್ದಳು. ಯಾಕೆ ಎಂದರೆ, "ಒಳ್ಗಡೆ ಇಟ್ಟ್ ಹೂವೆಲ್ಲ ಒಣಗಿರ್ತವೆ. ತೆಗೆಯೋರಿಲ್ಲ" ಎಂದಳು. ಊಟ ಮಾಡಿದಿರಾ ಎಂದು ಕೇಳುತ್ತಾಳೆ, ಮಲಗಿದಿರಾ ಎಂದು ಕೇಳುತ್ತಾಳೆ. ಮಲಗಿದೆ ಎಂದು ಸುಳ್ಳು ಹೇಳುತ್ತಿದ್ದೆ.

ಕೊನೆಗೆ ಬಂಗಾರಪೇಟೆಗೆ ಬರಲು ಹೇಳಿದರು. ಒಬ್ಬನೇ ಹೋದೆ. ಒಳಗೆ ಕರೆಯುವ ಮೊದಲು ಫೋನ್ ಆಫ್ ಮಾಡಿಸಿದರು. ಭವಾನಿ ಅವರ ಮೇಲಧಿಕಾರಿ ವರದಿಯನ್ನು ಪೂರ್ತಿ ಓದಿದರು. ನಾನು ಅಷ್ಟು ವರ್ಷ ಕೆಲಸ ಮಾಡಿದ ಇಲಾಖೆಯ ಬೆಂಚಿನ ಮೇಲೆ ಕಳ್ಳನ ಹಾಗೆ ಕೂತಿದ್ದೆ.

ಅವರು ಕನ್ನಡಕ ತೆಗೆದು ಹೇಳಿದರು: "ಹರಾಜಿನಲ್ಲಿ ಮಾರಿದ ಸಾಮಾನು ರೈಲ್ವೆಯದಲ್ಲ, ನಿಮ್ಮದು. ವಿಚಾರಿಸಿದ್ದೇವೆ, ಹರಾಜಿನಲ್ಲಿ ಕೊಂಡದ್ದು ಎಂದು ಗುಜರಿಯವನು ಒಪ್ಪಿದ್ದಾನೆ. ಇನ್‌ಸ್ಪೆಕ್ಟರ್ ಬಂದು ಬೀಗ ತೆಗೆಯುತ್ತಾರೆ. ಟೋಕನ್ ಗುಂಡು ಮಾತ್ರ ಬಿಟ್ಟುಕೊಡಿ. ಅದು ಯಾರ ಮನೆಯಲ್ಲೂ ಇರಬಾರದ ವಸ್ತು, ನಿಮಗೆ ಹೇಳಿಕೊಡಬೇಕಾಗಿಲ್ಲ." ಹೇಳಿಕೊಡಬೇಕಾಗಿರಲಿಲ್ಲ. ತಗೊಳ್ಳಿ ಸಾರ್ ಎಂದೆ. ಅವರು ಮತ್ತೆ, "ಕೇಸು ಯಾಕಿಲ್ಲ ಗೊತ್ತಾ? ನೀವೇ ಕರೆದಿರಿ, ಅದಕ್ಕೆ. ಎಲ್ಲಾದರೂ ಬಿಸಾಕಿದ್ದು ಗೊತ್ತಾಗಿದ್ದರೆ ನಾನೇ ಹಾಕುತ್ತಿದ್ದೆ" ಎಂದರು. ಬದುಕಿದೆ ಎನಿಸಿತು. ಹೊರಡುವಾಗ ಭವಾನಿ ನೀರು ಕೊಟ್ಟರು.

ಪ್ಲಾಟ್‌ಫಾರಂನಲ್ಲಿ ಮಾರಿಕುಪ್ಪಂ ಗಾಡಿ ನಿಂತಿತ್ತು. ಹತ್ತಿ ಕಿಟಕಿಯ ಪಕ್ಕ ಕೂತೆ. ಸರೋಜಮ್ಮನಿಗೆ ಫೋನ್ ಮಾಡಬೇಕು ಎಂದುಕೊಂಡೆ, ಆಫ್ ಮಾಡಿದ ಫೋನು ಜೇಬಿನಲ್ಲೇ ಇತ್ತು. ಗಾಡಿ ಹೊರಟಿದ್ದು ಗೊತ್ತು. ಆಮೇಲೆ ಏನೂ ಗೊತ್ತಿಲ್ಲ. ಯಾರೋ ಭುಜ ಅಲುಗಿಸಿದರು. ಕಣ್ಣುಬಿಟ್ಟರೆ ಬಿಳಿ ಸಮವಸ್ತ್ರದ ಗಾರ್ಡ್ ಹುಡುಗಿ. "ಸಾರ್, ಇದು ಮಾರಿಕುಪ್ಪಂ. ಇಲ್ಲಿಂದ ಮುಂದಕ್ಕೆ ಹಳಿ ಇಲ್ಲ." ಉರಿಗಾಂ ಯಾವಾಗ ಬಂತು, ಚಾಂಪಿಯನ್ ಯಾವಾಗ ಹೋಯಿತು, ಗೊತ್ತೇ ಆಗಿರಲಿಲ್ಲ. ಅದೇ ಗಾಡಿ ವಾಪಸು ಹೊರಟಾಗ ಅದರಲ್ಲೇ ಕೂತು, ಈ ಸಲ ಬಾಗಿಲಲ್ಲೇ ನಿಂತುಕೊಂಡು ಉರಿಗಾಂನಲ್ಲಿ ಇಳಿದೆ.

ಸರೋಜಮ್ಮ ಪ್ಲಾಟ್‌ಫಾರಂನ ಕಲ್ಲುಬೆಂಚಿನ ಮೇಲೆ ಕೂತಿದ್ದಳು.

"ನೀನ್ಯಾಕೆ ಇಲ್ಲಿ?"

"ಫೋನ್ ಆಫ್ ಮಾಡ್ಕಂಡ್ ಕುಂತಿದ್ರಲ್ಲ. ಮನೇಲಿ ಇರಕ್ಕಾಗ್ಲಿಲ್ಲ, ಬಂದೆ."

"ಆಗ ಗಾಡಿ ಬಂದಾಗ ಇಲ್ಲೇ ಇದ್ದೆಯಾ? ನಾನು ಅದರಲ್ಲೇ ಇದ್ದೆ."

"ನೋಡ್ದೆ. ಕಿಟಕಿ ತಾವ ಬಾಯ್ ತಕ್ಕಂಡ್ ಮಲಗಿದ್ರಿ."

"ನೋಡಿಯೂ ಎಬ್ಬಿಸಬಾರದಿತ್ತೇನೇ?"

"ಯಾಕ್ ಎಬ್ಬಿಸ್ಲಿ?" ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದಳು. "ನಿಮ್ ಮಖ ನೋಡ್ದೇಟ್ಗೇ ಗೊತ್ತಾಯ್ತು, ಸಾಮಾನೆಲ್ಲ ಉಳೀತು ಅಂತ. ಹಬ್ಬ ಆದಾಗ್ಲಿಂದ ನೀವು ಮಲಗಿದ್ದು ಅದೇ ಮೊದ್ಲು. ಎಲ್ಲಿಗ್ ಓಗ್ತೀರಿ, ಅದೇ ಗಾಡೀಲ್ ವಾಪಸ್ ಬತ್ತೀರಿ, ಅಲ್ಲೀತನಕ ಮಲಗ್ಲಿ ಬಿಡು ಅಂತ ಕುಂತಿದ್ದೆ."